ಸತ್ತರಿಯ ಗೇರು ತೋಟಗಳಲ್ಲಿ ಉಣ್ಣಿ ಎಣಿಸುವ ಬಗೆ

ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಗೇರುಹಣ್ಣು ಉದುರುವ ಕಾಲ ಮತ್ತು ಮಂಗನ ಕಾಯಿಲೆ ಹರಡುವ ಉಣ್ಣಿ ಮರಿಗಳು ತರಗೆಲೆಯಿಂದ ಮೇಲೇಳುವ ಕಾಲ ಒಂದರ ಮೇಲೊಂದು ಬೀಳುತ್ತವೆ. ಫೆಬ್ರುವರಿಯಿಂದ ಮೇವರೆಗೆ ಸಾವಿರಾರು ಕೈಗಳು ಮರದ ಬುಡದಲ್ಲಿ ಬಾಗಿ ಹಣ್ಣು ಆಯುತ್ತವೆ. ಅವುಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಬೆಳಗಾವಿ ಕಡೆಯಿಂದ ಬಂದವರ ಕೈಗಳೂ ಇವೆ. 2015ರಲ್ಲಿ ವಾಳಪೈ ಹತ್ತಿರದ ಪಾಲಿ ಗ್ರಾಮದಲ್ಲಿ ಈ ಕಾಯಿಲೆ ಗೋವಾದಲ್ಲಿ ಮೊದಲ ಸಲ ದೊಡ್ಡದಾಗಿ ಕಾಣಿಸಿಕೊಂಡಾಗ ಹೆಚ್ಚು ಪೆಟ್ಟು ತಿಂದವರು ಗೇರು ತೋಟದ ಕೆಲಸಗಾರರೇ. ಮರುವರ್ಷ ಪಕ್ಕದ ಸಿಂಧುದುರ್ಗದ ದೋಡಾಮಾರ್ಗದಲ್ಲೂ ಜನ ಮಲಗಿದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್ಸೇ ಇದು. ಅಂದು ಅದನ್ನು ಪತ್ತೆ ಹಚ್ಚಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ.

ಈ ಕೈಪಿಡಿ ಉಣ್ಣಿ ಸಮೀಕ್ಷೆಗೆ ಇಳಿಯುವ ವಿದ್ಯಾರ್ಥಿಗಳಿಗೆ, ಪಶುವೈದ್ಯ ಸಹಾಯಕರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮತ್ತು ಕನ್ನಡದ ಕೂಲಿಕಾರರ ನಡುವೆ ಕೆಲಸ ಮಾಡುವ ಗೆಳೆಯರಿಗೆ. ಆಸ್ಪತ್ರೆಯಲ್ಲಿ ಜ್ವರದ ಲೆಕ್ಕ ಏರುವಷ್ಟರಲ್ಲಿ ತಡವಾಗಿರುತ್ತದೆ. ಸತ್ತ ಮಂಗ ಸಿಕ್ಕಿತೆಂದರೆ ವೈರಸ್ ಆಗಲೇ ಓಡಾಡುತ್ತಿದೆ ಎಂದರ್ಥ. ಇವೆರಡಕ್ಕೂ ಮುಂಚೆ ಎಚ್ಚರಿಕೆ ಕೊಡಬಲ್ಲದ್ದು ನೆಲದ ಮೇಲಿನ ಉಣ್ಣಿಯ ಲೆಕ್ಕ. ಆದರೆ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ, ಮತ್ತೆ ಮತ್ತೆ ಎಣಿಸಿದರೆ ಮಾತ್ರ ಆ ಲೆಕ್ಕಕ್ಕೆ ಬೆಲೆ. ಒಂದು ದಿನ ಹೋಗಿ ಬಾಟಲಿ ತುಂಬ ಉಣ್ಣಿ ಹಿಡಿದು ತಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಮೊದಲು ಉಣ್ಣಿಯ ವರ್ಷಚಕ್ರ

ಇಲ್ಲಿ ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿಯ ಉಣ್ಣಿ. ಅದರ ಜೊತೆ ಹೀಮಾಫೈಸಾಲಿಸ್ ಟರ್ಟುರಿಸ್ ಕೂಡ ಸಿಗುತ್ತದೆ. ಈ ಎರಡೂ ಜಾತಿಗಳು ಒಂದಾದ ಮೇಲೊಂದು ಮೂರು ಪ್ರಾಣಿಗಳ ಮೇಲೆ ಬದುಕು ಸಾಗಿಸುವ ಉಣ್ಣಿಗಳು: ಲಾರ್ವಾ, ಅಂದರೆ ಮೊಟ್ಟೆಯಿಂದ ಬಂದ ಮರಿ, ಒಂದರ ಮೇಲೆ ರಕ್ತ ಕುಡಿದು ಕೆಳಗೆ ಬೀಳುತ್ತದೆ, ನಿಂಫ್ ಎಂಬ ನಡುವಿನ ಹಂತಕ್ಕೆ ಬಂದು ಇನ್ನೊಂದನ್ನು ಹತ್ತುತ್ತದೆ, ಬೆಳೆದ ಮೇಲೆ ಮೂರನೆಯದನ್ನು. ಬೆಳೆದ ಉಣ್ಣಿಗೆ ದನ, ಕಾಟಿಯಂಥ ದೊಡ್ಡ ಪ್ರಾಣಿ ಬೇಕು. ಮುಂಗಾರು ಸುರುವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವುಗಳ ಕಾಲ. ರಕ್ತ ತುಂಬಿದ ಹೆಣ್ಣು ನೆಲಕ್ಕೆ ಬಿದ್ದು ತರಗೆಲೆಯಡಿ ಮೊಟ್ಟೆಯಿಡುತ್ತದೆ. ಮಳೆ ಹಿಂದೆ ಸರಿಯುತ್ತಿದ್ದಂತೆ ಲಾರ್ವಾಗಳು ಬರುತ್ತವೆ. ಇಲಿ, ಹಕ್ಕಿ, ಮಂಗ, ಸಿಕ್ಕಿದ್ದನ್ನು ಹಿಡಿಯುತ್ತವೆ. ನವೆಂಬರ್ ಡಿಸೆಂಬರ್ ಹೊತ್ತಿಗೆ ನಿಂಫ್‌ಗಳು ಹೆಚ್ಚುತ್ತ ಹೋಗಿ ಮೇವರೆಗೂ ಇರುತ್ತವೆ.

ಮನುಷ್ಯನಿಗೆ ಕಾಯಿಲೆ ತಗಲಿಸುವುದು ಮುಖ್ಯವಾಗಿ ಈ ನಿಂಫ್. ಅದು ಲಾರ್ವಾ ಆಗಿದ್ದಾಗ ಸೋಂಕಿದ ಮಂಗದ ಅಥವಾ ಇಲಿಯ ರಕ್ತ ಕುಡಿದಿರುತ್ತದೆ. ಪೊರೆ ಬಿಟ್ಟ ಮೇಲೂ ವೈರಸ್ ಅದರೊಳಗೇ ಉಳಿದಿರುತ್ತದೆ. ಸಮೀಕ್ಷೆಯ ಲೆಕ್ಕಾಚಾರವೆಲ್ಲ ನಿಂತಿರುವುದು ಇದರ ಮೇಲೆ. ಲಾರ್ವಾ ಸಾವಿರ ಸಿಕ್ಕರೂ ಅದು ಮುಂದಿನ ತಿಂಗಳುಗಳ ಸೂಚನೆ. ನಿಂಫ್ ಎಷ್ಟು ಎಂಬುದು ಇವತ್ತಿನ ಅಪಾಯ. ಇವೆರಡನ್ನೂ ಕೂಡಿಸಿ "ಒಟ್ಟು ಉಣ್ಣಿ" ಎಂದು ಬರೆದ ವರದಿ ಯಾರ ಉಪಯೋಗಕ್ಕೂ ಬರುವುದಿಲ್ಲ. ಹಂತ ಹಂತವಾಗಿ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಹಾಗಾಗಿ ಸಮೀಕ್ಷೆ ಅಕ್ಟೋಬರ್‌ನಲ್ಲಿ ಆರಂಭವಾಗಬೇಕು. ಗೇರು ಹಂಗಾಮು ಸುರುವಾದ ಮೇಲೆ ಎದ್ದು ಹೊರಟರೆ ಹೋಲಿಸಿ ನೋಡಲು ಹಿಂದಿನ ಅಂಕಿಯೇ ಇರುವುದಿಲ್ಲ.

ಅನುಮತಿ

ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಬೇಕು. ಗೋವಾ ಅರಣ್ಯ ಅಭಿವೃದ್ಧಿ ನಿಗಮದ ಗೇರು ತೋಟವಾದರೆ ನಿಗಮವನ್ನು ಮತ್ತು ಆ ವರ್ಷ ಹರಾಜಿನಲ್ಲಿ ಹಿಡಿದವರನ್ನು, ಇಬ್ಬರನ್ನೂ ಕೇಳಬೇಕು. ಮಹದಾಯಿ ವನ್ಯಜೀವಿ ಧಾಮದೊಳಗೆ ಕಾಲಿಡುವುದಾದರೆ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಬೇಕು. ಇದು 1972ರ ವನ್ಯಜೀವಿ ಕಾಯಿದೆಯ ಮಾತು. ವಾಳಪೈ ಸಮುದಾಯ ಆರೋಗ್ಯ ಕೇಂದ್ರಕ್ಕೆ ನಿಮ್ಮ ದಿನಾಂಕಗಳನ್ನು ಮೊದಲೇ ತಿಳಿಸಿಡಿ. ನಿಮ್ಮ ತಂಡದಲ್ಲಿ ಯಾರಿಗಾದರೂ ಜ್ವರ ಬಂದರೆ ಅವರಿಗೆ ಹಿನ್ನೆಲೆ ಗೊತ್ತಿರುತ್ತದೆ.

ಬಟ್ಟೆ ಹೇಗಿರಬೇಕು

ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಹತ್ತಿದ ಉಣ್ಣಿಯನ್ನು ಎಣಿಸುವುದೇ ಈ ಸಮೀಕ್ಷೆಯ ವಿಧಾನ. ಅದಕ್ಕೆ ಬೇಕಾದದ್ದು ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದದ ಬಿಳಿ ಹತ್ತಿ ಫ್ಲಾನೆಲ್. ಎಳೆಗೂಸುಗಳಿಗೆ ಹೊದಿಸುವ ಜುಂಗು ಬಟ್ಟೆ ಅದು. ಮಾಪುಸಾ, ಫೋಂಡಾ ಪೇಟೆಗಳ ಬಟ್ಟೆ ಅಂಗಡಿಗಳಲ್ಲಿ ಕೇಳಿ. ಉಣ್ಣಿಯ ಕಾಲಿನ ಕೊಕ್ಕೆ ಈ ಜುಂಗಿಗೆ ಸಿಕ್ಕಿಕೊಳ್ಳುತ್ತದೆ. ನುಣುಪಾದ ಪಾಲಿಯೆಸ್ಟರ್ ಬಟ್ಟೆಯ ಮೇಲಿಂದ ಜಾರಿ ಬೀಳುತ್ತದೆ. ಬಿಳಿಯೇ ಬೇಕು ಏಕೆಂದರೆ ಹಸಿದ ನಿಂಫ್ ಎರಡು ಮಿಲಿಮೀಟರಿಗಿಂತ ಚಿಕ್ಕದು, ಲಾರ್ವಾ ಒಂದು ಮಿಲಿಮೀಟರೂ ಇರುವುದಿಲ್ಲ.

ಒಂದೂಕಾಲು ಮೀಟರ್ ಉದ್ದ ಕೊಳ್ಳಿ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಎರಡು ಸಲ ಬರೀ ಬಿಸಿನೀರಲ್ಲಿ ಒಗೆಯಿರಿ. ಪರಿಮಳದ ಸೋಪು, ಕಂಫರ್ಟ್ ಥರದ ದ್ರವ ಬೇಡ. ಮುಂದಿನ ಅಂಚನ್ನು ಮಡಚಿ ಹೊಲಿದು 1.2 ಮೀಟರಿನ ಬಿದಿರು ಕೋಲು ತೂರಿಸಿ. ಕೋಲಿನ ಎರಡೂ ತುದಿಗೆ ಹಗ್ಗ ಕಟ್ಟಿ ಎರಡು ಮೀಟರ್ ಉದ್ದದ ಹಿಡಿಕೆ ಮಾಡಿ. ಹಿಂದಿನ ಅಂಚಿನೊಳಗೆ ಸಣ್ಣ ಸರಪಳಿ ಅಥವಾ ಮೀನುಬಲೆಗೆ ಹಾಕುವ ಸೀಸದ ಗುಂಡುಗಳನ್ನು ಹೊಲಿಯಿರಿ. ಭಾರ ಇಲ್ಲದಿದ್ದರೆ ಬಟ್ಟೆ ಗಾಳಿಗೆ ಎದ್ದು ನೆಲಕ್ಕೆ ತಾಗುವುದೇ ಇಲ್ಲ. ಹೊಸಬರ ಅಂಕಿಗಳು ಕಡಿಮೆ ಬರುವುದಕ್ಕೆ ಬಹುಪಾಲು ಇದೇ ಕಾರಣ. ಮುಳ್ಳುಪೊದೆ, ಕಲ್ಲುಬಂಡೆ ಇರುವಲ್ಲಿ ಎಳೆಯಲಾಗುವುದಿಲ್ಲ. ಅಲ್ಲಿಗೆ 60 × 90 ಸೆಂಟಿಮೀಟರಿನ ಬಾವುಟವೊಂದನ್ನು ಬೇರೆ ಮಾಡಿಟ್ಟುಕೊಂಡು ಪೊದೆಯ ಮೇಲೆ ಸವರಿ. ಆದರೆ ಬಾವುಟದ ಲೆಕ್ಕವನ್ನು ಎಳೆದ ಬಟ್ಟೆಯ ಲೆಕ್ಕದ ಜೊತೆ ಸೇರಿಸಬೇಡಿ. ಎರಡೂ ನೆಲವನ್ನು ಮುಟ್ಟುವ ರೀತಿಯೇ ಬೇರೆ.

ಎರಡು ಬಟ್ಟೆ ಜೊತೆಗಿರಲಿ. ಗೇರುಹಣ್ಣಿನ ರಸ ತಾಗಿದರೆ ಬಟ್ಟೆ ಕಂದಾಗುತ್ತದೆ, ಆ ಕಲೆಗಳ ನಡುವೆ ನಿಂಫ್ ಕಾಣುವುದಿಲ್ಲ.

ಉಳಿದದ್ದು: ಮೊನೆ ಸಣ್ಣದಾದ ಚಿಮುಟ ಎರಡು, ತಿರುಗು ಮುಚ್ಚಳದ 2 ಮಿಲಿಲೀಟರ್ ಸೀಸೆಗಳು, 70 ಶೇಕಡ ಆಲ್ಕೋಹಾಲ್, 10 ಪಟ್ಟು ಹಿಗ್ಗಿಸುವ ಕೈಮಸೂರ, ಪೆನ್ಸಿಲ್, ಗಟ್ಟಿ ಕಾಗದದ ಚೀಟಿಗಳು, ಅಗಲವಾದ ಸೆಲ್ಲೊಟೇಪ್, ಉಷ್ಣತೆ ಮತ್ತು ತೇವಾಂಶ ತೋರಿಸುವ ಸಣ್ಣ ಮಾಪಕ, 50 ಮೀಟರಿನ ಟೇಪು, ಜಿಪಿಎಸ್ ಇರುವ ಫೋನು. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆದು ಸೀಸೆಯ ಒಳಗೆ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ. ಹೊರಗೆ ಅಂಟಿಸಿದ ಚೀಟಿ ಬೆವರು ಕೈಗೆ ಕಿತ್ತು ಬರುತ್ತದೆ.

ಮೈ ಕಾಪಾಡಿಕೊಳ್ಳುವುದು

ತಿಳಿ ಬಣ್ಣದ ಪೂರ್ತಿ ತೋಳಿನ ಅಂಗಿ, ಪ್ಯಾಂಟು. ಅಂಗಿ ಪ್ಯಾಂಟಿನೊಳಗೆ, ಪ್ಯಾಂಟು ಕಾಲುಚೀಲದೊಳಗೆ, ಮೇಲೆ ಗಮ್‌ಬೂಟು. ಕಾಲುಚೀಲ ಪ್ಯಾಂಟಿಗೆ ಸೇರುವಲ್ಲಿ ಎರಡೂ ಬದಿ ಅಂಟುವ ಟೇಪು ಸುತ್ತಿ. ಉಣ್ಣಿ ಹಾರುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಕಾಲಿನ ಮಟ್ಟದಲ್ಲಿ ಹತ್ತಿಕೊಂಡು ಮೇಲಕ್ಕೆ ಹರಿಯುತ್ತದೆ. ಆ ದಾರಿ ಮುಚ್ಚಿದರೆ ಮುಕ್ಕಾಲು ಕೆಲಸ ಆದಂತೆ.

ತೊಡುವ ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕದ 0.5 ಶೇಕಡ ದ್ರಾವಣ ಹಾಕಿ ಒಣಗಿಸಿಕೊಳ್ಳಬಹುದು. ಬರಿಮೈಗೆ ಪರ್ಮೆಥ್ರಿನ್ ಅಲ್ಲ, ಉಣ್ಣಿಯನ್ನು ದೂರವಿಡುವ ಡೆಪಾ ತೈಲ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯ ರೂಪಿಸಿದ, ಕರ್ನಾಟಕದ ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಹಂಚುವ ತೈಲ ಇದು. ಬೆವರಿಗೆ ತೊಳೆದು ಹೋಗುತ್ತದೆ, ಆದ್ದರಿಂದ ಡಬ್ಬಿಯ ಮೇಲೆ ಬರೆದಂತೆ ಮತ್ತೆ ಹಚ್ಚಿಕೊಳ್ಳಬೇಕು. ಆದರೆ ಬಟ್ಟೆ ಎಳೆಯುವವರ ಮತ್ತು ಚಿಮುಟ ಹಿಡಿಯುವವರ ಅಂಗೈಗೆ ತೈಲ ತಾಗಕೂಡದು. ತೈಲದ ಕೈಯಲ್ಲಿ ಹಿಡಿದ ಫ್ಲಾನೆಲ್, ಪರ್ಮೆಥ್ರಿನ್ ಹಾಕಿದ ಪ್ಯಾಂಟಿಗೆ ಉಜ್ಜಿದ ಫ್ಲಾನೆಲ್ ಉಣ್ಣಿಯನ್ನು ಓಡಿಸುತ್ತದೆ. ಆಗ ಬಂದ ಸೊನ್ನೆ ತೋಟದ ಸೊನ್ನೆಯಲ್ಲ, ತೈಲದ ಸೊನ್ನೆ. ಫ್ಲಾನೆಲ್ಲಿಗೆ ಪ್ರತ್ಯೇಕ ಚೀಲ ಇಡಿ.

ಅರ್ಧ ಗಂಟೆಗೊಮ್ಮೆ ಒಬ್ಬರ ಬೆನ್ನು, ಸೊಂಟ, ಮೊಣಕಾಲ ಹಿಂಭಾಗವನ್ನು ಇನ್ನೊಬ್ಬರು ನೋಡಬೇಕು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಹೊರಗೇ ಬಿಚ್ಚಿ ಕುದಿಯುವ ನೀರಿಗೆ ಹಾಕಿ. ತಣ್ಣೀರಿನಲ್ಲಿ ಒಗೆದರೆ ಉಣ್ಣಿ ಸಾಯುವುದಿಲ್ಲ. ಆಮೇಲೆ ಸೋಪು ಹಚ್ಚಿ ಸ್ನಾನ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಬೆರಳಾಡಿಸಿ ನೋಡುವುದು.

ಕಚ್ಚಿ ಹಿಡಿದಿದ್ದರೆ ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು, ತಿರುಚದೆ, ಒಂದೇ ಬಲದಲ್ಲಿ ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ತಂಬಾಕು ರಸ, ಬೀಡಿಯ ಬೆಂಕಿ ಯಾವುದೂ ಬೇಡ. ಕೆಣಕಿದ ಉಣ್ಣಿ ಜೊಲ್ಲನ್ನು ಗಾಯದೊಳಕ್ಕೆ ಬಿಡಬಹುದು. ಉಗುರುಗಳ ನಡುವೆ ಹೊಸಕುವ ಅಭ್ಯಾಸ ಹಳ್ಳಿಗಳಲ್ಲಿ ಸಾಮಾನ್ಯ, ಅದನ್ನು ಎಲ್ಲರೂ ಬಿಡಬೇಕು. ಒಡೆದ ಉಣ್ಣಿಯ ರಸ ಬಿರುಕು ಬಿಟ್ಟ ಬೆರಳಿಗೆ ತಾಗಿದರೂ ಸೋಂಕಿನ ದಾರಿಯೇ. ತೆಗೆದದ್ದನ್ನು ಆಲ್ಕೋಹಾಲಿಗೆ ಹಾಕಿ, ಗಾಯವನ್ನು ಸೋಪಿನಿಂದ ತೊಳೆದು, ದಿನಾಂಕ ಬರೆದಿಡಿ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ, ಆದ್ದರಿಂದ ಚುಚ್ಚುಮದ್ದು ಹಾಕಿಸಿಕೊಂಡಿದ್ದೇನೆ ಎಂಬ ಧೈರ್ಯದ ಮೇಲೆ ಯಾರೂ ಕಾಡಿಗೆ ಇಳಿಯಬಾರದು.

ಜಾಗ ಆರಿಸುವುದು

ನಕ್ಷೆ ನೋಡುವುದಕ್ಕೆ ಮುಂಚೆ ಕೆಲಸಗಾರರನ್ನು ಕೇಳಿ. "ಯಕ್ಕಾ, ಮಧ್ಯಾಹ್ನ ಬುತ್ತಿ ಎಲ್ಲಿ ಕುಂತು ಉಣ್ತೀರಿ? ನೀರಿಗೆ ಯಾ ದಾರೀಲೆ ಹೋಗ್ತೀರಿ? ಮಂಗ್ಯಾಗೋಳು ರಾತ್ರಿ ಯಾವ ಗಿಡದಾಗ ಇರ್ತಾವು? ಉಣ್ಣಿ ಭಾಳ ಹತ್ತೋದು ಎಲ್ಲಿ?" ಈ ನಾಲ್ಕು ಪ್ರಶ್ನೆಗಳಿಗೆ ಬರುವ ಉತ್ತರದಲ್ಲೇ ನೀವು ಬಟ್ಟೆ ಎಳೆಯಬೇಕಾದ ಸಾಲುಗಳು ಸಿಗುತ್ತವೆ. ಸ್ಥಳೀಯರ ಹತ್ತಿರ ಮರಾಠಿಯಲ್ಲಾದರೆ ಗೋಚಿಡ್ ಎಂದು ಕೇಳಿ.

ಒಂದು ತೋಟಕ್ಕೆ 100 ಮೀಟರ್ ಉದ್ದದ ಐದು ಸಾಲು ಸಾಕು. ಒಂದು, ಮರದಡಿ ತರಗೆಲೆ ದಪ್ಪಗಿರುವಲ್ಲಿ. ಎರಡನೆಯದು ತೋಟ ಮತ್ತು ಕಾಡು ಕೂಡುವ ಅಂಚಿನಲ್ಲಿ. ಮೂರನೆಯದು ದನ ನಡೆಯುವ ದಾರಿಯ ಪಕ್ಕ; ಮಳೆಗಾಲದಲ್ಲಿ ಅಲ್ಲಿ ಬಿದ್ದ ಹೆಣ್ಣುಗಳ ಸಂತಾನ ಬೇಸಿಗೆಯಲ್ಲಿ ಅಲ್ಲೇ ಏಳುತ್ತದೆ. ನಾಲ್ಕನೆಯದು ಹಳ್ಳಕ್ಕೆ ಇಳಿಯುವ ತಂಪು ಇಳಿಜಾರು. ಐದನೆಯದು ಜನ ಕೂರುವ ಜಾಗ ಅಥವಾ ಹಣ್ಣು ತುಳಿದು ಉರಾಕ್, ಫೆನಿ ಎಂಬ ಗೇರು ಮದ್ಯ ಕಾಯಿಸುವ ಭಟ್ಟಿಯ ಸುತ್ತ. ಉಣ್ಣಿ ಹೆಚ್ಚಿರುವಲ್ಲೇ ಐದೂ ಸಾಲು ಹಾಕಬೇಕೆಂಬ ಆಸೆ ಹುಟ್ಟುತ್ತದೆ, ಅದಕ್ಕೆ ಒಳಗಾಗಬೇಡಿ. ಕಡಿಮೆ ಇರುವ ಜಾಗದ ಅಂಕಿ ಇಲ್ಲದಿದ್ದರೆ ಹೆಚ್ಚಿರುವುದು ಎಷ್ಟು ಹೆಚ್ಚು ಎಂದು ಹೇಳಲಾಗುವುದಿಲ್ಲ.

ಸಾಲಿನ ಎರಡೂ ತುದಿಯ ಮರಕ್ಕೆ ಬಣ್ಣ ಹಚ್ಚಿ, ಜಿಪಿಎಸ್ ಬರೆದಿಡಿ. ಮುಂದಿನ ಸಲವೂ ಅದೇ ಸಾಲು.

ಎಳೆಯುವುದು, ಎಣಿಸುವುದು

ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ, ಅಂದರೆ ಸುಮಾರು ಎಂಟರಿಂದ ಹನ್ನೊಂದರೊಳಗೆ. ಒದ್ದೆ ಬಟ್ಟೆಗೆ ಉಣ್ಣಿ ಹತ್ತುವುದಿಲ್ಲ. ನಡುಮಧ್ಯಾಹ್ನದ ಬಿಸಿಗೆ ನಿಂಫ್‌ಗಳು ಮೈಯ ತೇವ ಉಳಿಸಿಕೊಳ್ಳಲು ಎಲೆಯಡಿ ಇಳಿದುಬಿಡುತ್ತವೆ. ಆಗ ಎಳೆದರೆ ತೋಟ ಖಾಲಿ ಇದ್ದಂತೆ ಕಾಣುತ್ತದೆ. ಮಳೆ, ಜೋರು ಗಾಳಿ ಇದ್ದ ದಿನ ಮುಂದೂಡಿ.

ಒಬ್ಬರು ಎಳೆಯುತ್ತಾರೆ, ಒಬ್ಬರು ಹೆಕ್ಕುತ್ತಾರೆ, ಮೂರನೆಯವರು ಬರೆಯುತ್ತಾರೆ. ಬಟ್ಟೆ ಪೂರ್ತಿ ನೆಲಕ್ಕೆ ಒರಗಿರುವಂತೆ, ಸಾವಕಾಶ ನಡೆಯಬೇಕು. ಪ್ರತಿ 10 ಮೀಟರಿಗೆ ನಿಲ್ಲಿ. ದೂರ ಹೆಚ್ಚಿದಷ್ಟೂ ಹತ್ತಿದ ಉಣ್ಣಿ ಮತ್ತೆ ಉದುರುತ್ತದೆ. 50 ಮೀಟರ್ ಒಂದೇ ಉಸಿರಿಗೆ ಎಳೆದರೆ ಕೊನೆಯ ಕೆಲವು ಮೀಟರಿನ ಉಣ್ಣಿ ಮಾತ್ರ ಎಣಿಸಿದಂತಾಗುತ್ತದೆ. ನಿಂತಲ್ಲಿ ಬಟ್ಟೆಯನ್ನು ಮಗುಚಿ ಮೊದಲು ನೆಲಕ್ಕೆ ತಾಗಿದ್ದ ಮೈ, ಆಮೇಲೆ ಮೇಲ್ಮೈ, ಕೊನೆಗೆ ಹಿಂದಿನ ಅಂಚಿನ ಮಡಿಕೆ ನೋಡಿ. ಮಡಿಕೆಯಲ್ಲಿ ಅಡಗುವುದು ಹೆಚ್ಚು. ಕಪ್ಪು ಚುಕ್ಕೆ ಕಂಡರೆ ಒಂದು ಗಳಿಗೆ ಕಾಯಿರಿ, ಮಣ್ಣಿನ ಕಣವಾದರೆ ನಡೆಯುವುದಿಲ್ಲ. ಚಿಮುಟವನ್ನು ಮೊದಲು ಆಲ್ಕೋಹಾಲಿನಲ್ಲಿ ಅದ್ದಿಕೊಂಡರೆ ಉಣ್ಣಿ ಅದಕ್ಕೆ ಅಂಟಿಕೊಂಡು ಬರುತ್ತದೆ, ಹಿಸುಕುವ ಪ್ರಮೇಯ ಇಲ್ಲ.

ಲಾರ್ವಾಗಳ ಗುಂಪೊಂದರ ಮೇಲೆ ಬಟ್ಟೆ ಹಾದರೆ ನೂರಾರು ಮರಿಗಳು ಒಂದೇ ಸಲ ಹರಡುತ್ತವೆ. ಚಿಮುಟ ಹಿಡಿದು ಕೂತರೆ ಅಷ್ಟರಲ್ಲಿ ಮೈಮೇಲಿರುತ್ತವೆ. ಸೆಲ್ಲೊಟೇಪನ್ನು ಒತ್ತಿ ಎತ್ತಿ, ಟೇಪನ್ನು ಬಿಳಿ ಕಾಗದಕ್ಕೆ ಅಂಟಿಸಿ, ಆಮೇಲೆ ಮಸೂರದಡಿ ಎಣಿಸಿ. ಈ ಮಾದರಿ ಎಣಿಕೆಗೆ ಮಾತ್ರ, ಪ್ರಯೋಗಾಲಯಕ್ಕಲ್ಲ.

ನಿಮ್ಮ ಪ್ಯಾಂಟಿನ ಮೇಲೆ ಸಿಕ್ಕಿದ್ದನ್ನು ಬೇರೆ ಸೀಸೆಗೆ ಹಾಕಿ, "ಮೈಮೇಲೆ" ಎಂದು ಬರೆಯಿರಿ. ಅದು ಬಟ್ಟೆಯ ಲೆಕ್ಕಕ್ಕೆ ಸೇರುವುದಿಲ್ಲ.

ಹಾಳೆಯಲ್ಲಿ ಇರಬೇಕಾದದ್ದು: ದಿನಾಂಕ, ಆರಂಭದ ಮತ್ತು ಮುಗಿದ ಹೊತ್ತು, ಸಾಲಿನ ಸಂಖ್ಯೆ, ಎಳೆದ ನಿಜವಾದ ದೂರ, ಎಳೆದವರ ಹೆಸರು, ಕಣಕಾಲಿನ ಎತ್ತರದಲ್ಲಿ ಉಷ್ಣತೆ ಮತ್ತು ತೇವಾಂಶ, ತರಗೆಲೆಯ ದಪ್ಪ, ಇತ್ತೀಚೆಗೆ ಎಲೆ ಗುಡಿಸಿದ್ದಾರೆಯೇ, ಸುಟ್ಟಿದ್ದಾರೆಯೇ, ಕೀಟನಾಶಕ ಎರಚಿದ್ದಾರೆಯೇ, ದನ ಮತ್ತು ಮಂಗಗಳ ಸುಳಿವು, ಪ್ರತಿ 10 ಮೀಟರಿನಲ್ಲಿ ಸಿಕ್ಕ ಲಾರ್ವಾ, ನಿಂಫ್, ಗಂಡು, ಹೆಣ್ಣು. ಏನೂ ಸಿಗದ ಕಡೆ ಸೊನ್ನೆ ಬರೆಯಲೇಬೇಕು. ಹಾಳೆಯಲ್ಲಿ ಖಾಲಿ ಬಿಟ್ಟ ಚೌಕವನ್ನು ನೋಡಿದವರಿಗೆ ಅಲ್ಲಿ ಉಣ್ಣಿ ಇರಲಿಲ್ಲವೋ, ಅಲ್ಲಿಗೆ ನೀವು ಹೋಗಲೇ ಇಲ್ಲವೋ ತಿಳಿಯದು.

ಲೆಕ್ಕ ಸರಳ. ಒಂದು ಮೀಟರ್ ಅಗಲದ ಬಟ್ಟೆ 100 ಮೀಟರ್ ಎಳೆದರೆ 100 ಚದರ ಮೀಟರ್. ಐದು ಸಾಲಿನಲ್ಲಿ 2, 0, 21, 9, 3 ನಿಂಫ್ ಸಿಕ್ಕವು ಎಂದುಕೊಳ್ಳಿ: ಒಟ್ಟು 35, ಸರಾಸರಿ 100 ಚದರ ಮೀಟರಿಗೆ 7. ಆದರೆ ಈ 7 ಎಂಬ ಅಂಕಿಯನ್ನೊಂದೇ ಕಳುಹಿಸಬೇಡಿ. ದನದ ದಾರಿಯ 21 ಅದರೊಳಗೆ ಮುಚ್ಚಿಹೋಗುತ್ತದೆ, ನಾಳೆ ಬೆಳಿಗ್ಗೆ ಜನರನ್ನು ದೂರ ಇಡಬೇಕಾದದ್ದು ಆ ದಾರಿಯಿಂದಲೇ. ಸಾಲುವಾರು ಅಂಕಿ ಮತ್ತು ಸರಾಸರಿ ಎರಡನ್ನೂ ಕೊಡಿ.

ಹದಿನೈದು ದಿನಕ್ಕೊಮ್ಮೆ, ಅದೇ ಹೊತ್ತಿನಲ್ಲಿ, ಸಾಧ್ಯವಾದಷ್ಟು ಅದೇ ಕೈಗಳಿಂದ ಮಾಡಿಸಿ. ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ವ್ಯತ್ಯಾಸ ಇರುತ್ತದೆ. ಆಳು ಬದಲಾಗುವುದಾದರೆ ಒಂದು ದಿನ ಹಳಬರು ಹೊಸಬರು ಪಕ್ಕಪಕ್ಕದಲ್ಲಿ ಎಳೆದು ಹೋಲಿಸಿ ನೋಡಿ.

ಗುರುತು ಹಿಡಿಯುವುದು

ಆರು ಕಾಲಿದ್ದರೆ ಲಾರ್ವಾ. ಎಂಟು ಕಾಲಿದ್ದು ಹೊಟ್ಟೆಯ ಕೆಳಗೆ ಜನನರಂಧ್ರ ಇಲ್ಲದಿದ್ದರೆ ನಿಂಫ್. ಬೆಳೆದ ಗಂಡಿನ ಬೆನ್ನಿನ ಗಟ್ಟಿ ಹಲಗೆ ಮೈಯೆಲ್ಲ ಮುಚ್ಚಿರುತ್ತದೆ, ಹೆಣ್ಣಿನದು ಮುಂಭಾಗದಲ್ಲಿ ಮಾತ್ರ. ಹೀಮಾಫೈಸಾಲಿಸ್ ಕುಲಕ್ಕೆ ಕಣ್ಣಿಲ್ಲ, ಮೈಮೇಲೆ ಬಣ್ಣದ ಚಿತ್ತಾರವಿಲ್ಲ, ಬಾಯಿಯ ಎರಡೂ ಬದಿಯ ಸ್ಪರ್ಶಾಂಗದ ಎರಡನೆಯ ಗಂಟು ಹೊರಕ್ಕೆ ಚಾಚಿಕೊಂಡಿರುತ್ತದೆ. ಗುದದ ಹಿಂಬದಿಯಿಂದ ಗೀರು ಸುತ್ತಿದ್ದರೆ ಈ ಗುಂಪು. ಮುಂಬದಿಯಿಂದ ಸುತ್ತಿದ್ದರೆ ಇಕ್ಸೋಡಿಸ್ ಎಂಬ ಬೇರೆ ಕುಲ. ತಲೆಯ ಬುಡ ಷಟ್ಕೋನವಾಗಿ ಕಂಡರೆ ರೈಪಿಸೆಫಾಲಸ್ ಕುಲ, ದನ ನಾಯಿಗಳಲ್ಲಿ ತುಂಬಿರುವುದು ಇದೇ. ಜಾತಿಯ ಮಟ್ಟದ ಗುರುತನ್ನು, ಅದರಲ್ಲೂ ನಿಂಫ್‌ಗಳದನ್ನು, ಸೂಕ್ಷ್ಮದರ್ಶಕ ಇರುವ ತಜ್ಞರಿಗೆ ಬಿಡಿ. ಹೀಮಾಫೈಸಾಲಿಸ್ ಎಂದಷ್ಟೇ ಬರೆದ ಸರಿಯಾದ ದಾಖಲೆ, ಊಹಿಸಿ ಸ್ಪೈನಿಜೆರಾ ಎಂದು ಬರೆದ ದಾಖಲೆಗಿಂತ ಎಷ್ಟೋ ಮೇಲು.

ದನದ ಮೈಯನ್ನೂ ನೋಡುವುದಾದರೆ ಕಿವಿಯೊಳಗೆ, ಗಂಗೆದೊಗಲು, ಕೆಚ್ಚಲು, ಬಾಲದ ಬುಡ, ಒಂದು ಬದಿ ಎಣಿಸಿ ಎರಡರಿಂದ ಗುಣಿಸುವುದು ರೂಢಿ. ಆ ಸೀಸೆಗಳು ಬೇರೆಯೇ ಇರಲಿ.

ವೈರಸ್ ಪರೀಕ್ಷೆ

ಜೀವಂತ ಉಣ್ಣಿಯನ್ನು ಸಾಗಿಸುವುದು, ಅರೆಯುವುದು ತರಬೇತಿ ಪಡೆದ ತಂಡದ ಕೆಲಸ. ಈ ವೈರಸ್ಸನ್ನು ಕೈಯಾಡಿಸುವುದಕ್ಕೆ ಅತಿ ಬಿಗಿ ಭದ್ರತೆಯ ಪ್ರಯೋಗಾಲಯ ಬೇಕು, ಪುಣೆಯಲ್ಲಿ ಇರುವುದು ಅಂಥದ್ದು. ಸ್ವಯಂಸೇವಕರ ತಂಡ ಆಲ್ಕೋಹಾಲಿಗೆ ಹಾಕಿ ಎಣಿಸುವಲ್ಲಿಗೆ ನಿಲ್ಲಬೇಕು. ಕಾಲೇಜಿನ ಫ್ರಿಜ್ಜಿನಲ್ಲಿ ಜೀವಂತ ಉಣ್ಣಿ ಇಡುವುದು ಅಪರಾಧಕ್ಕೆ ಸಮ ಎಂದೇ ತಿಳಿಯಿರಿ.

ಪ್ರಯೋಗಾಲಯದವರು ಒಂದೇ ಜಾತಿ, ಒಂದೇ ಹಂತ, ಒಂದೇ ಜಾಗ, ಒಂದೇ ದಿನದ ಉಣ್ಣಿಗಳನ್ನು ಗುಂಪು ಮಾಡಿ ಪರೀಕ್ಷಿಸುತ್ತಾರೆ. ಫಲಿತಾಂಶ ಬಂದಾಗ ಓದುವ ಬಗೆ ಹೀಗೆ: 300 ನಿಂಫ್‌ಗಳನ್ನು 25ರಂತೆ 12 ಗುಂಪು ಮಾಡಿ ಎರಡರಲ್ಲಿ ವೈರಸ್ ಸಿಕ್ಕರೆ, 2 ಭಾಗಿಸು 300, ಗುಣಿಸು 1000, ಅಂದರೆ ಸಾವಿರಕ್ಕೆ ಕನಿಷ್ಠ 6.7. ಕನಿಷ್ಠ ಏಕೆಂದರೆ ಒಂದು ಗುಂಪಿನಲ್ಲಿ ಒಂದಕ್ಕಿಂತ ಹೆಚ್ಚು ಸೋಂಕಿದ ಉಣ್ಣಿ ಇದ್ದಿರಬಹುದು. ಇದನ್ನು ನಿಂಫ್‌ನ ಸಾಂದ್ರತೆಯ ಜೊತೆ ಇಟ್ಟು ನೋಡಬೇಕು. ಸೋಂಕಿನ ಪ್ರಮಾಣ ಕಡಿಮೆ ಇದ್ದರೂ ಉಣ್ಣಿ ಕಿಕ್ಕಿರಿದಿದ್ದರೆ ಕಚ್ಚಿಸಿಕೊಳ್ಳುವವರಿಗೆ ಅಪಾಯ ಅಷ್ಟೇ ಇರುತ್ತದೆ. ಇನ್ನು, ಎಲ್ಲ ಗುಂಪುಗಳಲ್ಲೂ ವೈರಸ್ ಸಿಗದೆ ಹೋದರೆ ಅದು ತೋಟ ಸುರಕ್ಷಿತ ಎಂಬ ಪ್ರಮಾಣಪತ್ರವಲ್ಲ. ಹಿಡಿದದ್ದು ಅಲ್ಲಿರುವುದರಲ್ಲಿ ಬಹಳ ಸಣ್ಣ ಪಾಲು.

ಮಂಗ ಸತ್ತು ಬಿದ್ದಿದ್ದರೆ

ಮುಸಿಯ ಮತ್ತು ಕೆಂಪು ಮೂತಿಯ ಸಾಮಾನ್ಯ ಕೋತಿ ಎರಡೂ ಈ ವೈರಸ್ಸಿಗೆ ಸಾಯುತ್ತವೆ. ಸಾವಿನ ಹೊತ್ತಿಗೆ ಮೈತುಂಬ ಇರುವ ಉಣ್ಣಿಗಳು ಮೈ ತಣ್ಣಗಾದಂತೆ ಇಳಿದು ಸುತ್ತ ಹರಡುತ್ತವೆ. ಅಲ್ಲಿ ರಕ್ತ ಕುಡಿದಿದ್ದ ಲಾರ್ವಾಗಳು ಕೆಲವು ವಾರದ ಮೇಲೆ ನಿಂಫ್ ಆಗಿ ಏಳುತ್ತವೆ. ಆದ್ದರಿಂದ ಹೆಣ ಸುಟ್ಟು ಮುಗಿಸಿದ ದಿನಕ್ಕೆ ಆ ಜಾಗದ ಅಪಾಯ ಮುಗಿಯುವುದಿಲ್ಲ.

ಹತ್ತಿರ ಹೋಗಬೇಡಿ. ದೂರದಿಂದ ಫೋಟೊ, ಜಿಪಿಎಸ್, ಹೊತ್ತು. ನಾಯಿ, ಮಕ್ಕಳು, ದನ ಸುಳಿಯದಂತೆ ಒಬ್ಬರು ಕಾವಲು. ಅರಣ್ಯ ಇಲಾಖೆ, ಪಶುಸಂಗೋಪನಾ ಇಲಾಖೆ, ಆರೋಗ್ಯ ಕೇಂದ್ರ ಮೂರಕ್ಕೂ ಕೂಡಲೇ ಫೋನು. ಗೋವಾದ ಸೆಕೆಗೆ ಹೆಣ ಬೇಗ ಕೊಳೆಯುತ್ತದೆ, ತಡವಾದರೆ ಮಾದರಿ ಕೆಲಸಕ್ಕೆ ಬರುವುದಿಲ್ಲ. ಮರಣೋತ್ತರ ಪರೀಕ್ಷೆ ಪೂರ್ಣ ರಕ್ಷಾಕವಚ ತೊಟ್ಟ ಪಶುವೈದ್ಯರದ್ದು, ಆಮೇಲೆ ಅಲ್ಲೇ ಸುಡುತ್ತಾರೆ. ಕರ್ನಾಟಕದಲ್ಲಿ ಹೆಣ ಸಿಕ್ಕ ಜಾಗದ ಸುತ್ತ 50 ಅಡಿಯವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕದ 5 ಶೇಕಡ ಪುಡಿ ಎರಚುವ ಕ್ರಮವಿದೆ. ಉಣ್ಣಿ ಮಾದರಿ ಬೇಕಿದ್ದರೆ ಅದನ್ನು ಎರಚುವ ಮುಂಚೆ, ಇಲಾಖೆಯ ತರಬೇತಾದ ತಂಡವೇ ತೆಗೆಯಬೇಕು. ಎರಚಿದ ದಿನಾಂಕವನ್ನು ನಿಮ್ಮ ಹಾಳೆಯಲ್ಲಿ ಬರೆಯದಿದ್ದರೆ ಮುಂದಿನ ಎಣಿಕೆ ಇಳಿದದ್ದಕ್ಕೆ ಕಾರಣ ಯಾರಿಗೂ ತಿಳಿಯದು. ಕರೆಂಟು ತಂತಿ, ವಾಹನ, ನಾಯಿ ಕಡಿತದಿಂದಲೂ ಮಂಗ ಸಾಯುತ್ತವೆ. ಪಕ್ಕದಲ್ಲಿ ತಂತಿ ಇದೆಯೇ, ಸುಟ್ಟ ಗಾಯ ಕಾಣುತ್ತದೆಯೇ ಎಂದು ದೂರದಿಂದಲೇ ಗಮನಿಸಿ ಬರೆಯಿರಿ, ತೀರ್ಮಾನವನ್ನು ಮಾತ್ರ ನೀವು ಮಾಡಬೇಡಿ.

ಅಂಕಿ ಕೆಲಸಗಾರರಿಗೆ ತಲುಪಿಸುವುದು

ಎಣಿಸಿದ ದಿನವೇ ತೋಟದ ಮುಕಾದಮನಿಗೂ ಕೂಲಿಯವರಿಗೂ ಹೇಳಿ. ಪ್ರಯೋಗಾಲಯದ ಉತ್ತರಕ್ಕೆ ಕಾಯಬೇಡಿ. ನಿಂಫ್ ಹೆಚ್ಚಿರುವ ಸಾಲು ಯಾವುದು, ಬುತ್ತಿಗೆ ಎಲ್ಲಿ ಕೂರಬಾರದು ಎಂಬುದು ಅವರಿಗೆ ಅವತ್ತೇ ಬೇಕಾದ ಮಾತು. ತರಗೆಲೆಯ ಮೇಲೆ ಕೂರದೆ, ಎಲೆ ಗುಡಿಸಿದ ಬರಿನೆಲದಲ್ಲಿ ಕೂರಲಿ. ತುದಿಗೆ ಮೊಳೆ ಇರುವ ಕೋಲಿನಿಂದ ಹಣ್ಣು ಚುಚ್ಚಿ ಎತ್ತಿದರೆ ಬಾಗುವುದು, ಕುಕ್ಕರುಗಾಲಲ್ಲಿ ಕೂರುವುದು ಕಡಿಮೆಯಾಗುತ್ತದೆ. ಒಣಎಲೆಯನ್ನು ದನಕ್ಕೆ ಹಾಸಲು ಶೆಡ್ಡಿಗೆ ಹೊತ್ತು ತರಬಾರದು, ಎಲೆಯ ಜೊತೆ ಉಣ್ಣಿಯೂ ಬರುತ್ತದೆ. ಎಲೆಗೆ ಬೆಂಕಿ ಹಚ್ಚಿ ಎಂದು ಹಲವರು ಹೇಳುತ್ತಾರೆ. ಬೇಸಿಗೆಯಲ್ಲಿ ಕಾಡಂಚಿನ ಬೆಂಕಿ ಹಿಡಿತಕ್ಕೆ ಸಿಗುವುದಿಲ್ಲ, ಜನ ಕೂರುವ ಮತ್ತು ನಡೆಯುವಲ್ಲಿ ಗುಡಿಸಿದರೆ ಸಾಕು. ಸೀರೆ ಉಟ್ಟು ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಒಳಗೆ ಉದ್ದ ಪ್ಯಾಂಟು, ಕಾಲುಚೀಲ, ಬೂಟು ಕೊಡಿಸುವ ಹೊಣೆ ತೋಟ ಹಿಡಿದವರದು. ಅದನ್ನು ಕೇಳುವುದಕ್ಕೆ ನಿಮ್ಮ ಅಂಕಿಗಳೇ ಆಧಾರ.

ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಕಾಲು ಸೆಳೆತ, ವಾಂತಿ ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ಐದು ದಿನ ದಾಟಿದ ಮೇಲೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ರಕ್ತಸ್ರಾವ ಆಗುವ ಕಾಯಿಲೆ ಇದು, ಆಸ್ಪಿರಿನ್, ಬ್ರೂಫೆನ್ ತಿನ್ನಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ಬೇಗ ಸೇರಿಸಿ ನೀರು ರಕ್ತದ ಸ್ಥಿತಿ ಕಾಯ್ದುಕೊಳ್ಳುವುದೇ ಚಿಕಿತ್ಸೆ. ಜ್ವರ ಇಳಿದು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ, ತಲೆಸುತ್ತು, ಕೈನಡುಕ, ಗೊಂದಲ ಬರುತ್ತದೆ. ವಾಸಿಯಾಯಿತೆಂದು ಕೆಲಸಕ್ಕೆ ಮರಳಿದವರನ್ನು ಅಷ್ಟು ದಿನ ಗಮನಿಸುತ್ತಿರಬೇಕು.

ಎಲ್ಲಕ್ಕಿಂತ ತಪ್ಪಿಹೋಗುವುದು ಹಂಗಾಮು ಮುಗಿಸಿ ಊರಿಗೆ ಹೊರಟವರು. ಚೋರ್ಲಾ ಘಾಟ ಹತ್ತಿ ಬೆಳಗಾವಿಗೆ, ಅಲ್ಲಿಂದ ಮುಧೋಳಕ್ಕೋ ಸಿಂದಗಿಗೋ ತಲುಪಿದ ಮೇಲೆ ಜ್ವರ ಬಂದರೆ, ಮಂಗವೂ ಕಾಡೂ ಇಲ್ಲದ ಊರಿನ ವೈದ್ಯರಿಗೆ ಮಂಗನ ಕಾಯಿಲೆ ನೆನಪಾಗುವುದು ಕಷ್ಟ. ಟೈಫಾಯಿಡ್, ಡೆಂಗಿ ಎಂದು ಚಿಕಿತ್ಸೆ ನಡೆಯುತ್ತದೆ. ಹೊರಡುವವರ ಕೈಗೆ ಒಂದೊಂದು ಚೀಟಿ ಕೊಡಿ. ಅದರಲ್ಲಿ ಕನ್ನಡದಲ್ಲಿ ಹೀಗಿರಲಿ: "ಇವರು ಗೋವಾದ ಸತ್ತರಿ ತಾಲ್ಲೂಕಿನ ಗೇರು ತೋಟದಲ್ಲಿ ... ತಾರೀಖಿನವರೆಗೆ ಕೆಲಸ ಮಾಡಿದ್ದಾರೆ. ಆ ತೋಟದಲ್ಲಿ ಉಣ್ಣಿ ಕಾಟ ಇತ್ತು. ಈ ತಾರೀಖಿನಿಂದ ಎರಡು ವಾರದೊಳಗೆ ಜ್ವರ ಬಂದರೆ ಮಂಗನ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಿ." ಕೆಳಗೆ ತೋಟದ ಹೆಸರು, ಕೊನೆಯ ಎಣಿಕೆಯ ದಿನಾಂಕ, ಆರೋಗ್ಯ ಕೇಂದ್ರದ ಫೋನ್ ಸಂಖ್ಯೆ. ಓದಲು ಬಾರದವರಿಗೆ ಅದರಲ್ಲಿ ಏನಿದೆ ಎಂದು ಓದಿ ಹೇಳಿ, ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಲು ಹೇಳಿ.